ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ 360: ಬೆನ್ನಿನ ಸ್ಟಿಕರ್ ಓದಿ, ಆಮೇಲೆ ದುಡ್ಡು ಕೊಡಿ

ಮೊದಲೇ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟಿನ ಹಳೇ ಗೇಮ್ ಮಷೀನು ಎಕ್ಸ್‌ಬಾಕ್ಸ್ 360 ಇವತ್ತಿಗೂ ಕೊಳ್ಳುವಂಥ ಮಾಲು. ಆದರೆ ಅಂಗಡಿಯಲ್ಲಿ ಆ ಹೆಸರಿನಲ್ಲಿ ಕೂತಿರುವ ಬಿಳಿ ಡಬ್ಬಿಗಳೆಲ್ಲ ಒಂದೇ ಮಷೀನ್ ಅಂದುಕೊಂಡು ಹೋದರೆ ಕೈ ಸುಟ್ಟುಕೊಳ್ಳುತ್ತೀರಿ. ಹೊರಗಿನ ಪ್ಲಾಸ್ಟಿಕ್ಕು 2005ರಲ್ಲಿ ಹೇಗಿತ್ತೋ 2010ರವರೆಗೂ ಹೆಚ್ಚುಕಡಿಮೆ ಹಾಗೇ ಇತ್ತು. ಒಳಗಿನ ಬೋರ್ಡು ಮಾತ್ರ ಮತ್ತೆ ಮತ್ತೆ ಬದಲಾಯಿತು. ಮೊದಲಿನದು ಝೆನಾನ್. ಆಮೇಲೆ ಝೆಫಿರ್, ಫಾಲ್ಕನ್, ಓಪಸ್, ಕೊನೆಗೆ ಜಾಸ್ಪರ್. ನಾನು ತಂದಿದ್ದು ಜಾಸ್ಪರ್. ಅದು ಹೇಗಿದೆ ಅಂತ ಹೇಳುವುದಕ್ಕಿಂತ ಅದನ್ನೇ ಯಾಕೆ ಹುಡುಕಿದೆ ಅಂತ ಹೇಳುವುದೇ ಇಲ್ಲಿ ಜಾಸ್ತಿ ಇರುತ್ತದೆ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್, ಅಸೆಂಬ್ಲಿ ಮಾಡುವ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕರೆಂಟ್ ಮೀಟರಿನ ಬೋರ್ಡು, ಯುಪಿಎಸ್ ಬೋರ್ಡು ನಮ್ಮ ಲೈನಿನಲ್ಲಿ ಬರುತ್ತವೆ. ಯಾವುದು ಪಾಸ್, ಯಾವುದು ರೀವರ್ಕ್, ಯಾವುದು ಸ್ಕ್ರ್ಯಾಪ್ ಅಂತ ಸಹಿ ಹಾಕುವವರಲ್ಲಿ ನಾನೂ ಒಬ್ಬಳು. ಮನೆಯಲ್ಲಿ ಗೇಮ್ ಆಡುವವಳು ನಾನೊಬ್ಬಳೇ. ಮಗಳಿಗೆ ಫೋನು ಸಾಕು, ನಮ್ಮವರಿಗೆ ಕ್ರಿಕೆಟ್ ಸಾಕು.

ಈಗ ಯಾಕೆ 360 ಅಂತ ಕೇಳಬಹುದು. ಉತ್ತರ ಒಂದೇ: ಫೋರ್ಜಾ ಮೋಟಾರ್‌ಸ್ಪೋರ್ಟ್ 4. 2011ರ ಕಾರ್ ರೇಸಿನ ಆಟ. ಹಳೆಯ ಆಟಗಳು ಹೊಸ ಎಕ್ಸ್‌ಬಾಕ್ಸ್‌ಗಳಲ್ಲೂ ಓಡಲಿ ಅಂತ ಮೈಕ್ರೋಸಾಫ್ಟ್ ಸಾಕಷ್ಟು ಕೆಲಸ ಮಾಡಿದೆ, ಅದಕ್ಕೆ ಭೇಷ್ ಅನ್ನಬೇಕು. ಆದರೆ ಇದು ಆ ಪಟ್ಟಿಯಲ್ಲಿಲ್ಲ. ಆಡಬೇಕು ಅಂದರೆ 360ಯೇ ಬೇಕು, ಡಿಸ್ಕೇ ಬೇಕು. 360ಯ ಆನ್‌ಲೈನ್ ಅಂಗಡಿಯನ್ನು 2024ರ ಜುಲೈ 29ಕ್ಕೆ ಮುಚ್ಚಿಬಿಟ್ಟರು. ಇನ್ನು ಆ ಮಷೀನಿನಲ್ಲಿ ಹೊಸದಾಗಿ ಆಟ ಕೊಳ್ಳುವ ಹಾಗಿಲ್ಲ.

ಎಸ್.ಪಿ. ರೋಡಿನ ಒಳಗಲ್ಲಿಯಲ್ಲಿ ಒಂದು ಅಂಗಡಿ. ಹೆಸರು ಬೇಡ. ಮೇಲಿನ ಶೆಲ್ಫಿನಲ್ಲಿ ಗೇಮ್ ಮಷೀನುಗಳನ್ನು ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರು.

"ಮಗನಿಗಾ ಮೇಡಂ?"

"ನನಗೇ."

ಅಂಗಡಿಯವರು ಒಂದು ಸಲ ನೋಡಿದರು, ಆಮೇಲೆ ವ್ಯಾಪಾರಕ್ಕೆ ಬಂದರು. "ಹಾಗಾದ್ರೆ ಇದು ನೋಡಿ. ಪಕ್ಕಾ ಕಂಡೀಷನ್ನು. ಆನ್ ಮಾಡಿ ತೋರಿಸ್ತೀನಿ." ಟಿವಿಗೆ ಹಾಕಿದರು. ಹಸಿರು ದೀಪ ಬಂತು, ಮೆನು ಬಂತು, ಒಂದು ಫುಟ್‌ಬಾಲ್ ಆಟವೂ ಓಡಿತು. ಸದ್ದೂ ವಿಪರೀತ ಏನಿರಲಿಲ್ಲ. ಬೆಲೆ 4,000 ರೂಪಾಯಿ.

ನಾನು ಅದನ್ನು ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿದೆ. ಬೆನ್ನಿಗೆ ಒಂದು ಸ್ಟಿಕರ್ ಇರುತ್ತದೆ. ಅದರಲ್ಲಿ ಸೀರಿಯಲ್ ನಂಬರು, ತಯಾರಾದ ತಾರೀಖು, ಜೊತೆಗೆ ಮಷೀನಿಗೆ ಎಷ್ಟು ಕರೆಂಟ್ ಬೇಕು ಅನ್ನುವ ಸಾಲು: 12 ವೋಲ್ಟ್, ಇಷ್ಟು ಆಂಪಿಯರ್. ಇದರಲ್ಲಿ 16.5 ಅಂತಿತ್ತು. ಎಚ್‌ಡಿಎಂಐ ಕಿಂಡಿಯೂ ಇರಲಿಲ್ಲ. ಅಂದರೆ ಝೆನಾನ್, ಮೊಟ್ಟಮೊದಲ ಬೋರ್ಡು. ಮುಂದಿನ ಮುಖಪಟ್ಟಿಯನ್ನು ಉಗುರಿನಲ್ಲಿ ಎಳೆದೆ. ಅದು ಸಲೀಸಾಗಿ ಕಳಚಿಕೊಳ್ಳುತ್ತದೆ, ಹಿಂದೆ ಮೈಕ್ರೋಸಾಫ್ಟಿನ ಬೆಳ್ಳಿ ಬಣ್ಣದ ಸೀಲ್ ಇರುತ್ತದೆ. ಸೀಲ್ ಹರಿದಿತ್ತು.

"ಸರ್ವಿಸ್ ಮಾಡ್ಸಿದೀವಿ ಮೇಡಂ, ಹೀಟ್ ಹೊಡ್ಸಿದೀವಿ. ಅದಕ್ಕೇ ಇಷ್ಟು ಚೆನ್ನಾಗಿ ಓಡ್ತಿರೋದು."

ಅವರು ಸುಳ್ಳು ಹೇಳಲಿಲ್ಲ. ಅದು ನಿಜವಾಗಿ ಚೆನ್ನಾಗೇ ಓಡುತ್ತಿತ್ತು. ಆದರೆ ಈ ಮಷೀನಿನ ರೋಗ ಓಡುವಾಗ ಕಾಣುವಂಥದ್ದಲ್ಲ.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಎಕ್ಸ್‌ಬಾಕ್ಸ್ 360 ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2005ರ ನವೆಂಬರ್ 22ಕ್ಕೆ, ಸೋನಿಯ ಪ್ಲೇಸ್ಟೇಷನ್ 3ಕ್ಕಿಂತ ಸುಮಾರು ಒಂದು ವರ್ಷ ಮುಂಚೆ. ಭಾರತಕ್ಕೆ ಬಂದದ್ದು 2006ರಲ್ಲಿ. ಆ ಒಂದು ವರ್ಷದ ಲೀಡ್ ಕಂಪನಿಗೆ ತುಂಬಾ ಮುಖ್ಯವಾಗಿತ್ತು. ಆದರೆ ಸ್ವಲ್ಪ ಕಾಲ ಕಳೆಯುವುದರೊಳಗೆ ಜನರ ಮನೆಗಳಲ್ಲಿ ಪವರ್ ಬಟನ್ನಿನ ಸುತ್ತ ಮೂರು ಕೆಂಪು ದೀಪ ಮಿನುಗಲು ಶುರುವಾಯಿತು. ರೆಡ್ ರಿಂಗ್ ಆಫ್ ಡೆತ್ ಅಂತ ಆಟಗಾರರೇ ಹೆಸರಿಟ್ಟರು. 2007ರ ಮೊದಲ ತಿಂಗಳುಗಳವರೆಗೂ ಕಂಪನಿ ಹೇಳುತ್ತಿದ್ದದ್ದು, ಕೆಡುವ ಪ್ರಮಾಣ ನೂರಕ್ಕೆ 3ರಿಂದ 5, ಈ ಉದ್ಯಮದಲ್ಲಿ ಇದು ಮಾಮೂಲು ಅಂತ. ನಮ್ಮಲ್ಲಿ ಗ್ರಾಹಕರ ಕೈಯಿಂದ ನೂರಕ್ಕೆ 3 ವಾಪಸ್ ಬಂದರೆ ಯಾರೂ ಮಾಮೂಲು ಅನ್ನುವುದಿಲ್ಲ. ಮ್ಯಾನೇಜರ್ ರೂಮಿನಲ್ಲಿ ಎಲ್ಲರೂ ನಿಂತೇ ಇರಬೇಕಾಗುತ್ತದೆ.

2007ರ ಜುಲೈ 5ಕ್ಕೆ ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಮೂರು ಕೆಂಪು ದೀಪದ ದೋಷಕ್ಕೆ ವಾರಂಟಿ 3 ವರ್ಷ ಅಂತ ಘೋಷಿಸಿತು. ಅದಕ್ಕೆ ತೆಗೆದಿಟ್ಟ ಹಣ 105ರಿಂದ 115 ಕೋಟಿ ಡಾಲರ್. ಆಗ ಎಕ್ಸ್‌ಬಾಕ್ಸ್ ವಹಿವಾಟು ನೋಡಿಕೊಳ್ಳುತ್ತಿದ್ದ ಪೀಟರ್ ಮೂರ್ ಮುಂದೆ ಒಂದು ಸಂದರ್ಶನದಲ್ಲಿ ಇದನ್ನು ವಿವರವಾಗಿ ಹೇಳಿದ್ದಾರೆ. ಕೊರಿಯರ್ ಖರ್ಚೇ 24 ಕೋಟಿ ಡಾಲರ್ ಅಂತೆ. ಆಗಿನ ಸಿಇಒ ಸ್ಟೀವ್ ಬಾಮರ್ ಮುಂದೆ ಕೂತು ಮೊತ್ತ ಹೇಳಿದಾಗ, ಅವರು ತಕರಾರಿಲ್ಲದೆ ಮಾಡಿ ಅಂದರಂತೆ. ಕಂಪನಿ ಗ್ರಾಹಕರ ಮನೆಗೆ ಖಾಲಿ ಪೆಟ್ಟಿಗೆ ಕಳಿಸುತ್ತಿತ್ತು. ಕೆಟ್ಟ ಮಷೀನನ್ನು ಅದರಲ್ಲಿ ಮಲಗಿಸಿ ವಾಪಸ್ ಕಳಿಸಬೇಕು. ಆಟಗಾರರು ಅದನ್ನು ಶವಪೆಟ್ಟಿಗೆ ಅಂತಲೇ ಕರೆದರು.

ಅಂಕಿ ಬೇಕು ಅನ್ನುವವರಿಗೆ: ವಾರಂಟಿ ಮಾರುವ ಸ್ಕ್ವೇರ್‌ಟ್ರೇಡ್ ಅನ್ನುವ ಅಮೆರಿಕದ ಕಂಪನಿ 2009ರಲ್ಲಿ ತನ್ನಲ್ಲಿ ನೋಂದಾಯಿಸಿದ 16,000ಕ್ಕೂ ಹೆಚ್ಚು ಮಷೀನುಗಳ ಲೆಕ್ಕ ತೆಗೆಯಿತು. ಎರಡು ವರ್ಷದೊಳಗೆ ಎಕ್ಸ್‌ಬಾಕ್ಸ್ 360ರಲ್ಲಿ ನೂರಕ್ಕೆ 23.7 ಕೆಟ್ಟಿದ್ದವು. ಪ್ಲೇಸ್ಟೇಷನ್ 3ರಲ್ಲಿ 10, ನಿಂಟೆಂಡೋ ವೀನಲ್ಲಿ 2.7. ನಾಲ್ಕರಲ್ಲಿ ಒಂದು ಅಂತ ಇಟ್ಟುಕೊಳ್ಳಿ.

ಇಷ್ಟು ದೊಡ್ಡ ಕಂಪನಿ ಟೆಸ್ಟ್ ಮಾಡದೆ ಕಳಿಸಿತಾ ಅಂತ ಜನ ಕೇಳುತ್ತಾರೆ. ಮಾಡದೆ ಏನು, ಮಾಡಿಯೇ ಇರುತ್ತಾರೆ. ಯಾವ ಟೆಸ್ಟು ಯಾವ ದೋಷ ಹಿಡಿಯುತ್ತದೆ ಅನ್ನುವುದು ಪ್ರಶ್ನೆ. ಲೈನಿನ ಕೊನೆಯಲ್ಲಿ ಫಂಕ್ಷನಲ್ ಟೆಸ್ಟ್ ಇರುತ್ತದೆ. ಬೋರ್ಡನ್ನು ಜಿಗ್ ಅನ್ನುವ ಹಿಡಿಕೆಯಲ್ಲಿ ಕೂರಿಸಿ, ಕರೆಂಟ್ ಕೊಟ್ಟು, ಎಲ್ಲ ಸರಿಯಾಗಿ ಉತ್ತರ ಕೊಡುತ್ತದಾ ನೋಡುವುದು. ಆಮೇಲೆ ಬರ್ನ್-ಇನ್, ಅಂದರೆ ಬಿಸಿ ಕೋಣೆಯಲ್ಲಿ ಗಂಟೆಗಟ್ಟಲೆ ಬಿಡದೆ ಓಡಿಸುವುದು. ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಇದ್ದದ್ದು, ಹುಟ್ಟುವಾಗಲೇ ಕೆಟ್ಟ ಚಿಪ್ ಇದ್ದದ್ದು ಸಾಮಾನ್ಯವಾಗಿ ಇವೆರಡರಲ್ಲಿ ಸಿಕ್ಕಿಬೀಳುತ್ತವೆ. ಮೂರನೆಯದು ಥರ್ಮಲ್ ಸೈಕ್ಲಿಂಗ್. ಬೋರ್ಡನ್ನು ಬಿಸಿ ಮಾಡು, ತಣ್ಣಗೆ ಮಾಡು, ಮತ್ತೆ ಬಿಸಿ ಮಾಡು. ನೂರಾರು ಸಲ, ಕೆಲವೊಮ್ಮೆ ಸಾವಿರ ಸಲ. ಇದಕ್ಕೆ ವಾರಗಟ್ಟಲೆ ಚೇಂಬರ್ ಕಟ್ಟಿಹಾಕಬೇಕು. ಪ್ರತಿ ಪೀಸಿಗೂ ಮಾಡಲು ಆಗುವುದಿಲ್ಲ, ಸ್ಯಾಂಪಲ್ಲಿಗೆ ಮಾಡುತ್ತಾರೆ. ಡಿಸ್ಪ್ಯಾಚ್ ತಾರೀಖು ಹತ್ತಿರ ಬಂದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಈ ಟೆಸ್ಟಿನ ಮೇಲೆಯೇ. ಇದು ನಾನು ಮೈಕ್ರೋಸಾಫ್ಟ್ ಬಗ್ಗೆ ಹೇಳುತ್ತಿರುವ ಮಾತಲ್ಲ, ಪೀಣ್ಯದ ಮಾತು.

360ರ ರೋಗ ಹಿಡಿಯಲು ಬೇಕಿದ್ದದ್ದು ಈ ಮೂರನೆಯ ಟೆಸ್ಟು. ಗ್ರಾಫಿಕ್ಸ್ ಚಿಪ್ ಅಂದರೆ ಒಂದು ಸಿಲಿಕಾನ್ ತುಂಡು, ಅದರ ಕೆಳಗೆ ಅದನ್ನು ಹೊರುವ ಒಂದು ಪುಟ್ಟ ಹಲಗೆ, ಸಬ್‌ಸ್ಟ್ರೇಟ್, ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸೋಲ್ಡರ್ ಗುಬ್ಬಿಗಳು, ಅಂದರೆ ಬೆಸುಗೆಯ ಉಬ್ಬುಗಳು. ಬಿಸಿಯಾದಾಗ ಸಿಲಿಕಾನ್ ಹಿಗ್ಗುವುದು ಕಡಿಮೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು. ಕೆಳಗಿನ ಸಬ್‌ಸ್ಟ್ರೇಟ್ ಅದರ ಐದು ಪಟ್ಟು ಹಿಗ್ಗುತ್ತದೆ. ನಡುವೆ ಸಿಕ್ಕಿದ ಗುಬ್ಬಿಗಳು ಪ್ರತಿ ಸಲ ಆನ್ ಮಾಡಿದಾಗ ಒಂದು ಕಡೆ, ಆಫ್ ಮಾಡಿದಾಗ ಇನ್ನೊಂದು ಕಡೆ ಎಳೆಸಿಕೊಳ್ಳುತ್ತವೆ. ಒಂದು ದಿನ ಬಿರುಕು. ಬಿಡದೆ 20 ಗಂಟೆ ಓಡಿದರೂ ಅದು ಒಂದೇ ಸೈಕಲ್ಲು. ದಿನಕ್ಕೆ ನಾಲ್ಕು ಸಲ ಅರ್ಧರ್ಧ ಗಂಟೆ ಆಡಿದರೆ ನಾಲ್ಕು ಸೈಕಲ್ಲು. ಹಾಗಾಗಿ ಫ್ಯಾಕ್ಟರಿಯಲ್ಲಿ ಬಿಸಿಬಿಸಿಯಾಗಿ ಓಡಿ ಪಾಸಾದ ಮಷೀನು ಶಾಲೆಗೆ ಹೋಗುವ ಹುಡುಗನ ಮನೆಯಲ್ಲಿ ಸಾಯುತ್ತದೆ.

ವರ್ಷಗಟ್ಟಲೆ ಎಲ್ಲರೂ ಬೈದದ್ದು ಸೀಸವಿಲ್ಲದ ಸೋಲ್ಡರನ್ನು. ಯುರೋಪಿನಲ್ಲಿ ಎಲೆಕ್ಟ್ರಾನಿಕ್ಸಿನಿಂದ ಸೀಸ ತೆಗೆಯುವ ನಿಯಮ 2006ರ ಜುಲೈ 1ರಿಂದ ಜಾರಿಗೆ ಬಂತು. ಇಡೀ ಉದ್ಯಮ ಹೊಸ ಸೋಲ್ಡರಿಗೆ ಒಗ್ಗಿಕೊಳ್ಳುತ್ತಿದ್ದ ಕಾಲ ಅದು. ಹಳೆಯದು 183 ಡಿಗ್ರಿಗೆ ಕರಗುತ್ತಿತ್ತು, ಹೊಸದಕ್ಕೆ 217ರ ಮೇಲೆ ಬೇಕು, ಬಗ್ಗುವ ಗುಣವೂ ಕಡಿಮೆ. ನಾನೂ ಕಾಲೇಜು ಮುಗಿಸಿ ಬಂದಾಗ ಕೇಳಿದ್ದು ಇದೇ ವಿವರಣೆ. ಆದರೆ 2021ರಲ್ಲಿ ಕಂಪನಿ ತಾನೇ ಹೊರತಂದ ಸಾಕ್ಷ್ಯಚಿತ್ರದಲ್ಲಿ ಹಾರ್ಡ್‌ವೇರ್ ಮುಖ್ಯಸ್ಥರಾಗಿದ್ದ ಟಾಡ್ ಹೋಮ್‌ಡಾಲ್ ಬೇರೆಯದೇ ಜಾಗ ತೋರಿಸಿದರು. ಒಡೆಯುತ್ತಿದ್ದದ್ದು ಭಾಗಗಳ ಒಳಗಿನ ಸಂಪರ್ಕಗಳು, ಕಾರಣ ಆನ್-ಆಫ್ ಆಗುವಾಗಿನ ಬಿಸಿ-ತಂಪಿನ ಎಳೆತ. ಅಂದರೆ ಚಿಪ್ಪಿಗೂ ಬೋರ್ಡಿಗೂ ನಡುವಿನ ದೊಡ್ಡ ಬೆಸುಗೆ ಬದಲಿಸಿದರೆ ರೋಗ ಹೋಗುವುದಿಲ್ಲ, ರೋಗ ಚಿಪ್ಪಿನ ಹೊಟ್ಟೆಯೊಳಗಿದೆ. ರೀಬಾಲ್, ಅಂದರೆ ಆ ದೊಡ್ಡ ಬೆಸುಗೆಯನ್ನು ಹೊಸದಾಗಿ ಮಾಡಿಸಿಕೊಂಡು ಬಂದ ಮಷೀನುಗಳು ಮತ್ತೆ ಯಾಕೆ ಕೈಕೊಡುತ್ತಿದ್ದವು ಅನ್ನುವುದಕ್ಕೆ ಅದೇ ಉತ್ತರ. ಅಂದಹಾಗೆ ಅದೇ ಸಮಯಕ್ಕೆ ಕೆಂಪು ದೀಪದ ಚಿತ್ರವನ್ನೇ ಪೋಸ್ಟರ್ ಮಾಡಿ ಕಂಪನಿ ಮಾರಿತು. ಧೈರ್ಯ ಮೆಚ್ಚಬೇಕು.

ಈಗ "ಹೀಟ್ ಹೊಡ್ಸಿದೀವಿ" ಅನ್ನುವ ಮಾತಿಗೆ ಬನ್ನಿ. ಬಿಸಿ ಗಾಳಿ ಕೊಟ್ಟಾಗ ಬಿರುಕುಬಿಟ್ಟ ಗುಬ್ಬಿ ಹಿಗ್ಗಿ ಮತ್ತೆ ತಾಗುತ್ತದೆ, ದೀಪ ಹಸಿರಾಗುತ್ತದೆ. ಮಷೀನಿಗೆ ಟವೆಲ್ ಸುತ್ತಿ ಆನ್ ಮಾಡಿ ಬಿಡುವ ಟ್ರಿಕ್ ಅಮೆರಿಕದಲ್ಲಿ ಮನೆಮಾತಾಗಿತ್ತು, ಅದರ ಗುಟ್ಟೂ ಇದೇ. ಸುಮ್ನೆ ದಿನ ಮುಂದೂಡುವ ಕೆಲಸ. ಬೆಂಕಿ ಹೊತ್ತುವ ಭಯ ಬೇರೆ. ಹೀಗೆ ರಿಪೇರಿಯಾದ ಮಷೀನು ಅಂಗಡಿಯ ಡೆಮೋದಲ್ಲಿ ಪಾಸಾಗೇ ಆಗುತ್ತದೆ. ಡೆಮೋ ಅನ್ನುವುದು ಫಂಕ್ಷನಲ್ ಟೆಸ್ಟ್ ತಾನೇ.

ಇದಕ್ಕೇ ನಾನು ಸ್ಟಿಕರ್ ಓದುವುದು. 16.5 ಆಂಪಿಯರ್ ಅಂದರೆ ಝೆನಾನ್ ಅಥವಾ ಝೆಫಿರ್. 2007ರಲ್ಲಿ ಬಂದ ಝೆಫಿರ್‌ನಲ್ಲಿ ಎಚ್‌ಡಿಎಂಐ ಇದೆ. 14.2 ಅಂದರೆ ಫಾಲ್ಕನ್ ಅಥವಾ ಓಪಸ್. ಇಲ್ಲಿ ಮುಖ್ಯ ಚಿಪ್ಪು ಸಿಪಿಯುವಿನ ಒಳಗಿನ ಕುಸುರಿಯ ಅಳತೆ 90 ನ್ಯಾನೋಮೀಟರಿನಿಂದ 65ಕ್ಕೆ ಇಳಿಯಿತು, ಬಿಸಿ ತಗ್ಗಿತು. ಆದರೆ ರೋಗ ಇದ್ದದ್ದು ಗ್ರಾಫಿಕ್ಸ್ ಚಿಪ್ಪಿನಲ್ಲಿ. ಅದು 65ಕ್ಕೆ ಬಂದದ್ದು 2008ರ ಕೊನೆಯ ಜಾಸ್ಪರ್‌ನಲ್ಲಿ. ಸ್ಟಿಕರ್‌ನಲ್ಲಿ 12.1 ಅಂತ ಇರುತ್ತದೆ. ಓದಬೇಕಾದ್ದು ಮಷೀನಿನ ಬೆನ್ನನ್ನು, ಅಡಾಪ್ಟರಿನ ಮೈಯನ್ನಲ್ಲ. ಅಂಗಡಿಯಲ್ಲಿ ಅಡಾಪ್ಟರುಗಳು ಒಂದಕ್ಕೊಂದು ಅದಲುಬದಲಾಗಿರುತ್ತವೆ.

ಅಡಾಪ್ಟರಿನ ಮೈ ಬೇರೆ ಕಾರಣಕ್ಕೆ ಓದಿ. ಅಮೆರಿಕದ ನೆಂಟರು ತಂದ ಮಷೀನು ನಮ್ಮ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅಲ್ಲಿನ ಅಡಾಪ್ಟರ್ 100ರಿಂದ 127 ವೋಲ್ಟಿಗೆ ಮಾತ್ರ. ನಮ್ಮ 230ಕ್ಕೆ ನೇರ ಹಾಕಿದರೆ ಅಲ್ಲಿಗೆ ಮುಗಿಯಿತು. 200ರಿಂದ 240 ಅಂತ ಬರೆದದ್ದೇ ಬೇಕು.

"12.1 ಇರೋದು ಇದ್ಯಾ?" ಅಂತ ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಶೆಲ್ಫಿನಿಂದ ಒಂದೊಂದೇ ಇಳಿಸಿ ಬೆನ್ನು ತೋರಿಸಿದರು. ಸಿಕ್ಕಿತು. 2009ರಲ್ಲಿ ತಯಾರಾದದ್ದು, ಸೀಲ್ ಹರಿದಿಲ್ಲ. ಇದಕ್ಕೆ 6,500 ಅಂದರು. ನಾನು ನಂಬರ್ ನೋಡಿ ಕಣ್ಣರಳಿಸಿದ್ದನ್ನು ಗಮನಿಸಿ ಏರಿಸಿದ ಬೆಲೆ ಅದು, ಸಂಶಯವಿಲ್ಲ. ಚೌಕಾಸಿ ಮಾಡಿ 5,200ಕ್ಕೆ ಬಂತು. ಆದರೆ ಷರತ್ತು ಹಾಕಿದೆ: ಅರ್ಧ ಗಂಟೆ ಆಡಿಸಬೇಕು, ಆಫ್ ಮಾಡಬೇಕು, ನಾನು ಊಟ ಮಾಡಿಕೊಂಡು ಬರುತ್ತೇನೆ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಆನ್ ಮಾಡಬೇಕು. "ಏನ್ ಮೇಡಂ, ಮದುವೆಗೆ ಹುಡುಗನ್ನ ನೋಡ್ದಂಗೆ ನೋಡ್ತೀರ" ಅಂತ ಗೊಣಗಿದರು, ಆದರೂ ಮಾಡಿದರು. ಒಂದು ಸೈಕಲ್ಲಿನಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಗೊತ್ತು. ಹೊಸದಾಗಿ ಹೀಟ್ ಹೊಡೆಸಿದ್ದು ತಣ್ಣಗಾದ ಮೇಲೆ ಏಳದೇ ಇರುವುದೂ ಉಂಟು, ಅಷ್ಟನ್ನಾದರೂ ಹಿಡಿಯಬಹುದು.

ಅಂಗಡಿಯಲ್ಲಿ "ಸತ್ತಿದೆ, ಪಾರ್ಟ್ಸಿಗೆ ತಗೊಳ್ಳಿ" ಅಂತ ಕೊಡುವುದರ ಮೇಲೂ ಒಂದು ಕಣ್ಣಿಡಿ. ನಾಲ್ಕು ಕೆಂಪು ದೀಪ ಅಂದರೆ ಟಿವಿ ಕೇಬಲ್ ಸರಿಯಾಗಿ ಕೂತಿಲ್ಲ ಅಂತ ಅಷ್ಟೇ. ಎರಡು ದೀಪ ಬಿಸಿ ಜಾಸ್ತಿಯಾದಾಗ. ಮೂರು ಬಂದಾಗ ಕಂಟ್ರೋಲರ್ ಜೋಡಿಸುವ ಪುಟ್ಟ ಬಟನ್ ಒತ್ತಿ ಹಿಡಿದು ಡಿಸ್ಕ್ ತೆಗೆಯುವ ಬಟನ್ ಒತ್ತುತ್ತಾ ಹೋದರೆ ದೀಪಗಳು ನಾಲ್ಕಂಕಿಯ ಕೋಡ್ ಹೇಳುತ್ತವೆ. ಒಂದು ದೀಪ ಅಂದರೆ 1, ಎರಡು ಅಂದರೆ 2, ನಾಲ್ಕೂ ಅಂದರೆ 0. 0102 ಬಂದರೆ ಅದೇ ಕುಖ್ಯಾತ ರೋಗ. ಮಷೀನು ತನ್ನ ಕಾಯಿಲೆ ತಾನೇ ಹೇಳುವ ಈ ವ್ಯವಸ್ಥೆ ನನಗೆ ತುಂಬಾ ಇಷ್ಟವಾಯಿತು. ಗ್ರಾಹಕರಿಗೆ ಅದನ್ನು ಹೇಳಿಕೊಟ್ಟಿದ್ದರೆ ಇನ್ನೂ ಇಷ್ಟವಾಗುತ್ತಿತ್ತು.

ಮನೆಗೆ ತಂದ ಮೇಲೆ ಮೊದಲ ಕೆಲಸ ಬಿಚ್ಚುವುದು. ಟಾರ್ಕ್ಸ್ ಟಿ8, ಟಿ10 ಸ್ಕ್ರೂಡ್ರೈವರ್ ಬೇಕು, ಹಿಂದಿನ ಕ್ಲಿಪ್ಪುಗಳಿಗೆ ತಾಳ್ಮೆ ಬೇಕು. ಡಿವಿಡಿ ಡ್ರೈವ್ ಎತ್ತಿದಾಗ ಆ ಕಾಲದ ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಸಿಪಿಯು ಮೇಲೆ ಎತ್ತರದ, ದಪ್ಪ ಹೀಟ್ ಸಿಂಕ್, ಅಂದರೆ ಬಿಸಿ ಹೀರುವ ಲೋಹದ ತುಂಡು. ಪಕ್ಕದ ಗ್ರಾಫಿಕ್ಸ್ ಚಿಪ್ ಮೇಲೆ ಕುಳ್ಳು ಹೀಟ್ ಸಿಂಕ್. ಯಾಕೆಂದರೆ ಅದರ ನೆತ್ತಿಯ ಮೇಲೆ ಡಿವಿಡಿ ಡ್ರೈವ್ ಕೂರಬೇಕು. ಡಬ್ಬಿಯ ಆಕಾರ ಮೊದಲು ಗೊತ್ತಾಗಿತ್ತು, ಬಿಸಿಗೆ ಉಳಿದ ಜಾಗದಲ್ಲಿ ಹೊಂದಿಕೊಳ್ಳಲು ಹೇಳಿದ್ದಾರೆ ಅಂತ ನೋಡಿದ ತಕ್ಷಣ ಅನ್ನಿಸುತ್ತದೆ. ಆಮೇಲಿನ ಬೋರ್ಡುಗಳಲ್ಲಿ ಈ ಕುಳ್ಳನಿಗೆ ಪೈಪ್ ಹಾಕಿ ಪಕ್ಕಕ್ಕೆ ಇನ್ನೊಂದು ತುಂಡು ಜೋಡಿಸಿದರು. ಬೋರ್ಡಿನ ಅಡಿಯಲ್ಲಿ ಎಕ್ಸ್ ಆಕಾರದ ಉಕ್ಕಿನ ಕ್ಲಿಪ್ಪು ಹೀಟ್ ಸಿಂಕನ್ನು ಹಿಡಿದಿರುತ್ತದೆ. ನಿಧಾನವಾಗಿ, ಒಂದೊಂದೇ ಕಾಲು ಬಿಡಿಸಬೇಕು. ಸ್ಕ್ರೂಡ್ರೈವರ್ ಜಾರಿದರೆ ಬೋರ್ಡಿನ ಟ್ರ್ಯಾಕ್ ಕತ್ತರಿಸಿತು ಅಂತಲೇ. ಹೀಟ್ ಸಿಂಕ್ ಎತ್ತಿದರೆ, ಚಿಪ್ಪಿನ ಬಿಸಿ ದಾಟಿಸಲು ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದ ಥರ ಪುಡಿಪುಡಿಯಾಗಿ ಉದುರಿತು. ಐಸೋಪ್ರೊಪೈಲ್ ಹಾಕಿ ಒರೆಸಿ, ಹೊಸ ಪೇಸ್ಟ್ ಹಚ್ಚಿ, ಫ್ಯಾನಿನ ಧೂಳು ತೆಗೆದು ಮುಚ್ಚಿದೆ. ಇಷ್ಟು ಹಳೆಯ ಮಷೀನಿಗೆ ಇದನ್ನು ಮಾಡದೆ ಆಡುವುದು ಬೇಡ. ಕೈಯಲ್ಲಿ ಆಗದಿದ್ದರೆ ಲ್ಯಾಪ್‌ಟಾಪ್ ರಿಪೇರಿಯವರಿಗೆ ಕೊಡಿ, ಪೇಸ್ಟ್ ಬದಲಿಸಿ ಅಷ್ಟೇ, ಹೀಟ್ ಹೊಡೆಯಬೇಡಿ ಅಂತ ಒತ್ತಿ ಹೇಳಿ.

ಆಡಲು ಹೇಗಿದೆ? ಚೆನ್ನಾಗಿದೆ. ಕಾರಿನ ಬಾನೆಟ್ಟಿನ ಮೇಲೆ ಬಿಸಿಲು ಜಾರುವುದನ್ನು 512 ಎಂಬಿ ಮೆಮೊರಿಯಲ್ಲಿ ಹೇಗೆ ತೋರಿಸಿದರು ಅಂತ ಈಗಲೂ ಆಶ್ಚರ್ಯ. ಡಿಸ್ಕ್ ಓಡುವಾಗ ಸದ್ದು ಜಾಸ್ತಿ, ಟಿವಿ ವಾಲ್ಯೂಮ್ ಏರಿಸಬೇಕು. ಆಟವನ್ನು ಹಾರ್ಡ್ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವ ಸೌಲಭ್ಯ 2008ರ ನವೆಂಬರ್ ಅಪ್‌ಡೇಟಿನಲ್ಲಿ ಬಂದಿದೆ. ಅದನ್ನು ಮಾಡಿದರೆ ಮನೆ ಶಾಂತ. ಡಿಸ್ಕ್ ಮಾತ್ರ ಒಳಗೇ ಇರಬೇಕು.

ಡಿಸ್ಕ್ ತಿರುಗುವಾಗ ಮಷೀನನ್ನು ಅಲುಗಿಸಬೇಡಿ, ಮಲಗಿದ್ದನ್ನು ನಿಲ್ಲಿಸಲು ಹೋಗಬೇಡಿ. ದುಂಡಗೆ ಗೀರು ಬಿದ್ದು ಡಿಸ್ಕ್ ಹಾಳಾಗುತ್ತದೆ. ಈ ದೂರು ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೂ ಹತ್ತಿತ್ತು. 2017ರಲ್ಲಿ ತೀರ್ಪು ಮೈಕ್ರೋಸಾಫ್ಟ್ ಪರ ಬಂತು. ಆದರೆ ಅದು ಮೇಲ್ಮನವಿಯ ವಿಧಾನದ ಬಗ್ಗೆ, ಡಿಸ್ಕ್ ಗೀರುವುದಿಲ್ಲ ಅಂತ ಯಾರೂ ಹೇಳಲಿಲ್ಲ.

ನಾನು ಮಾಡಿಕೊಂಡ ಇನ್ನೊಂದು ವ್ಯವಸ್ಥೆ ಯುಪಿಎಸ್. ನಮ್ಮ ಏರಿಯಾದಲ್ಲಿ ಮಳೆ ಬಂದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಪ್ರತಿ ಸಲ ಹೋದಾಗಲೂ ಬಿಸಿ ಚಿಪ್ಪು, ಫ್ಯಾನ್ ಇಲ್ಲದೆ, ತಾನೇ ತಣ್ಣಗಾಗುತ್ತದೆ. ಮತ್ತೆ ಆನ್ ಮಾಡಿದರೆ ಇನ್ನೊಂದು ಸೈಕಲ್ಲು. ಹಾಗೇ, ಐದು ನಿಮಿಷ ಚಹಾ ಕುಡಿಯಲು ಎದ್ದರೆ ನಾನು ಆಫ್ ಮಾಡುವುದಿಲ್ಲ. ಮನೆಯವರು ಕರೆಂಟ್ ಬಿಲ್ ಬಗ್ಗೆ ಏನಾದರೂ ಅಂದುಕೊಳ್ಳಲಿ.

ಕಂಟ್ರೋಲರ್ ವಿಷಯ. ಅಂಗಡಿಯವರು ಕೊಟ್ಟದ್ದು ಯಾವುದೋ ಲೋಕಲ್ ಬ್ರಾಂಡಿನದು. ಕೆಲವೇ ದಿನದಲ್ಲಿ ಎಡಗಡೆಯ ಸ್ಟಿಕ್ ಮುಟ್ಟದಿದ್ದರೂ ಕಾರು ತಾನಾಗಿ ಎಡಕ್ಕೆ ಹೋಗತೊಡಗಿತು. ಸ್ಟಿಕ್ ಡ್ರಿಫ್ಟ್. ಇದೂ ಒಂದು ಥರ ಸವೆತವೇ. ಸ್ಟಿಕ್ಕಿನ ಕೆಳಗೆ ಪೊಟೆನ್ಷಿಯೋಮೀಟರ್ ಇರುತ್ತದೆ, ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ಅಗ್ಗದ ಮಾಲಿಗೆ ಮಾತ್ರ ಬರುವ ರೋಗವೂ ಅಲ್ಲ. ಪ್ಲೇಸ್ಟೇಷನ್ 5ರ ಕಂಟ್ರೋಲರನ್ನು 2021ರಲ್ಲಿ ರಿಪೇರಿ ಹೇಳಿಕೊಡುವ ವೆಬ್‌ಸೈಟ್ ಐಫಿಕ್ಸಿಟ್‌ನವರು ಬಿಚ್ಚಿ ನೋಡಿದಾಗ ಸ್ಟಿಕ್ಕಿನ ಭಾಗಕ್ಕೆ ತಯಾರಕರು ಕೊಟ್ಟ ಆಯುಸ್ಸು 20 ಲಕ್ಷ ಸುತ್ತು ಅಂತ ಸಿಕ್ಕಿತು. ಕೇಳಲು ಜಾಸ್ತಿ ಅನ್ನಿಸುತ್ತದೆ ಅಲ್ವಾ? ಗುಂಡು ಹೊಡೆಯುವ ಆಟ ಆಡುವಾಗ ಸ್ಟಿಕ್ ತಿರುಗುವ ಲೆಕ್ಕ ಹಾಕಿದರೆ ಅದು ಸುಮಾರು 417 ಗಂಟೆಗೆ ಮುಗಿಯುತ್ತದೆ ಅಂತ ಅವರು ಹೇಳಿದರು. ಅಯಸ್ಕಾಂತದ ಹಾಲ್ ಸೆನ್ಸರ್ ಹಾಕಿದರೆ ಉಜ್ಜುವ ಪ್ರಶ್ನೆಯೇ ಇಲ್ಲ. ಸೆಗಾದವರು 1998ರ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲೇ ಅದನ್ನು ಹಾಕಿದ್ದರು. ಗೊತ್ತಿಲ್ಲದೆ ಬಿಟ್ಟದ್ದಲ್ಲ, ರೇಟು ನೋಡಿ ಬಿಟ್ಟದ್ದು.

ಇದರಲ್ಲಿ ನನಗೆ ಬೇಜಾರಾಗುವುದು ನಿಂಟೆಂಡೋ. 1983ರ ಜುಲೈನಲ್ಲಿ ಜಪಾನಿನಲ್ಲಿ ಅವರ ಗೇಮ್ ಮಷೀನು ಫ್ಯಾಮಿಕಾಂ ಬಂತು. ಒಂದು ಚಿಪ್ಪಿನ ದೋಷದಿಂದ ಆಟ ಗಕ್ಕನೆ ನಿಲ್ಲುತ್ತಿತ್ತು. ಅಧ್ಯಕ್ಷರಾಗಿದ್ದ ಹಿರೋಶಿ ಯಾಮಾವುಚಿ ಮಾಲು ವಾಪಸ್ ಕರೆಸಿ ಬೋರ್ಡನ್ನೇ ಬದಲಿಸಿಕೊಟ್ಟರು. ಮಾರಾಟದ ಸೀಸನ್ ಕೈತಪ್ಪಿದರೂ ಸರಿ ಅಂದರು. ಅದೇ ಕಂಪನಿ 2017ರ ಸ್ವಿಚ್ ಮಷೀನಿನ ಕಂಟ್ರೋಲರ್ ಜಾಯ್-ಕಾನ್‌ನ ಡ್ರಿಫ್ಟ್ ಬಗ್ಗೆ ಗ್ರಾಹಕರ ಕ್ಷಮೆ ಕೇಳಿದ್ದು 2020ರ ಜೂನ್‌ನಲ್ಲಿ, ಷೇರುದಾರರ ಪ್ರಶ್ನೆಗೆ ಉತ್ತರವಾಗಿ. ಯುರೋಪಿನಲ್ಲಿ ವಾರಂಟಿ ಮುಗಿದ ಮೇಲೂ ಪುಕ್ಕಟೆ ರಿಪೇರಿಗೆ ಒಪ್ಪಿದ್ದು 2023ರಲ್ಲಿ, ಗ್ರಾಹಕ ಸಂಘಟನೆಗಳು ದೂರು ಕೊಟ್ಟ ಮೇಲೆ. ನಾನು ಕೊನೆಗೆ ಮೈಕ್ರೋಸಾಫ್ಟಿನ ಅಸಲಿ 360 ಕಂಟ್ರೋಲರನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ತಂದೆ, 1,100 ರೂಪಾಯಿ. ಕೈಗೆ ಇಷ್ಟು ಹೊಂದುವ ಕಂಟ್ರೋಲರ್ ಇನ್ನೊಂದಿಲ್ಲ.

ಬಹಳ ಜನರಿಗೆ ನಾನು ಜಾಸ್ಪರ್ ಹೇಳುವುದಿಲ್ಲ, 2010ರ ಜೂನ್‌ನಲ್ಲಿ ಬಂದ ಸ್ಲಿಮ್ ಹೇಳುತ್ತೇನೆ. ಅದರಲ್ಲಿ ಸಿಪಿಯು, ಗ್ರಾಫಿಕ್ಸ್ ಎರಡೂ ಒಂದೇ 45 ನ್ಯಾನೋಮೀಟರ್ ಚಿಪ್ಪಿನಲ್ಲಿವೆ, ವೈಫೈ ಒಳಗೇ ಇದೆ, ಅಡಾಪ್ಟರ್ 135 ವಾಟ್ ಸಾಕು. ಬಟನ್ನಿನ ಸುತ್ತ ಕೆಂಪು ದೀಪಗಳನ್ನೇ ತೆಗೆದುಬಿಟ್ಟಿದ್ದಾರೆ. ನಾನು ಜಾಸ್ಪರ್ ತಂದದ್ದು ಬಿಚ್ಚಿ ನೋಡುವ ಚಟಕ್ಕೆ. ಜೊತೆಗೆ ಅದೇ ಡಬ್ಬಿಯಲ್ಲಿ, ಅದೇ ಕುಳ್ಳು ಜಾಗದಲ್ಲಿ, ಇಂಜಿನಿಯರುಗಳು ಮೂರು ವರ್ಷ ಒದ್ದಾಡಿ ಕೊನೆಗೆ ಸರಿಮಾಡಿದ ಬೋರ್ಡು ಅದು ಅಂತ ಸ್ವಲ್ಪ ಅಭಿಮಾನ. ಮೈ ಆಡಿಸಿ ಆಡುವ ಕ್ಯಾಮೆರಾ ಕಿನೆಕ್ಟ್ ಬೇಕು ಅನ್ನುವವರಂತೂ ಕಣ್ಣುಮುಚ್ಚಿ ಸ್ಲಿಮ್ಮಿಗೇ ಹೋಗಿ. ಹಳೇ ಡಬ್ಬಿಗೆ ಕಿನೆಕ್ಟ್ ಜೋಡಿಸಲು ಬೇರೆ ಪವರ್ ಅಡಾಪ್ಟರ್ ಬೇಕು, ಮಾರಾಟಕ್ಕೆ ಸಿಗುವ ಹಳೇ ಕಿನೆಕ್ಟುಗಳಲ್ಲಿ ಅದು ಕಳೆದುಹೋಗಿರುವುದೇ ಜಾಸ್ತಿ.